ಹೂಂಗುಟ್ಟುವವರು

ಚೋಟಿ ಅಜ್ಜಿಯ ಕಿವಿಯೊಳಗೆ ಊದಿದಳು.

ಮೊದಲು ಮೆಲ್ಲಗೆ, ಬಿಸಿ ಹಾಲಿನ ಕೆನೆ ಸರಿಸುವ ಹಾಗೆ. ಆಮೇಲೆ ಕೆನ್ನೆ ಉಬ್ಬಿಸಿಕೊಂಡು ಜೋರಾಗಿ. ಅಜ್ಜಿಯ ಕಿವಿಯ ಹತ್ತಿರದ ಬಿಳಿಕೂದಲು ಎರಡೆಳೆ ಅಲ್ಲಾಡಿ ಮತ್ತೆ ಸುಮ್ಮನಾಯಿತು. ನಡುಮನೆಯ ಗೋಡೆಗುಂಟ ಕುರ್ಚಿಗಳಲ್ಲಿ ಕೂತಿದ್ದವರು ಮಾತು ನಿಲ್ಲಿಸಿದರು. ಬಾಗಿಲ ಬಳಿ ಯಾರೋ "ಅಯ್ಯೋ ಕಂದಾ" ಎಂದರು.

"ಶ್! ನೀವು ಮಾತಾಡಿದ್ರೆ ಅವರಿಗೆ ನಾನು ಊದಿದ್ದು ಗೊತ್ತಾಗಲ್ಲ," ಎಂದು ಚೋಟಿ ಅತ್ತ ತಿರುಗಿ ಗದರಿದಳು.

ದಿನಾ ಬೆಳಿಗ್ಗೆ ಅವಳು ಅಜ್ಜಿಯನ್ನು ಎಬ್ಬಿಸುತ್ತಿದ್ದುದು ಹೀಗೇ. ಒಂದು ಸಲ ಊದಿದರೆ ಸಾಕು, ಅಜ್ಜಿ ಕಣ್ಣು ಮುಚ್ಚಿಕೊಂಡೇ, "ಯಾವೂರ ಬಿರುಗಾಳಿ ಇದು, ನನ್ನ ಕಿವಿಯೊಳಗೆ ನುಗ್ಗಿ ಮನೆ ಹೆಂಚೆಲ್ಲ ಹಾರಿಸ್ಕೊಂಡು ಹೋಯ್ತಲ್ಲಪ್ಪ!" ಎಂದು ಎದ್ದು ಕೂರುತ್ತಿದ್ದರು. ಅಲ್ಲಿಂದ ಆ ದಿನದ ಕತೆ ಶುರು. ಹಾರಿಹೋದ ಹೆಂಚು ಯಾರ ಅಂಗಳದಲ್ಲಿ ಬಿತ್ತು, ಅದರಡಿಯಲ್ಲಿ ಯಾವ ಇಲಿ ಸಂಸಾರ ಹೂಡಿತು ಎಂದು, ಹಲ್ಲುಜ್ಜುವ ತನಕ, ಕೆಲವು ದಿನ ಶಾಲೆಯ ಗೇಟಿನ ತನಕ ಅದು ನಡೆಯುತ್ತಿತ್ತು.

ಒಳಗಿನಿಂದ ಅಜ್ಜಿಯ ಮಗಳು, ಚೋಟಿಯ ಅಮ್ಮ, ಒದ್ದೆಗೈಯಲ್ಲೇ ಓಡಿಬಂದು ಚೋಟಿಯನ್ನು ಎತ್ತಿಕೊಂಡಳು. ಐದು ವರ್ಷದ ಮೈ ಎಂದಿಗಿಂತ ಭಾರವಾಗಿತ್ತು. ನಿನ್ನೆ ಬೆಳಗಿನಿಂದ ಆ ಮಗು ಕಣ್ಣು ಮುಚ್ಚಿರಲಿಲ್ಲ. ಹಾಸಿಗೆಗೆ ಹಾಕಿದರೆ ಎದ್ದು ಕೂರುತ್ತಿತ್ತು. ರೆಪ್ಪೆ ಜಾರಿದರೆ ತನ್ನ ತೋಳು ತಾನೇ ಚಿವುಟಿಕೊಳ್ಳುತ್ತಿತ್ತು. ಎಡತೋಳಿನ ಮೇಲೆ ಸಣ್ಣ ಸಣ್ಣ ಕೆಂಪು ಗುರುತುಗಳು.

ನಿನ್ನೆ ಬೆಳಿಗ್ಗೆ ಅಜ್ಜಿ ಏಳದಿದ್ದಾಗ, ಚೋಟಿ ಬಾಗಿಲಲ್ಲಿ ನಿಂತು "ಏನಾಯ್ತು?" ಎಂದು ಕೇಳಿದಾಗ, ಮಗಳ ಬಾಯಿಂದ ಮೊದಲು ಬಂದ ಮಾತು ಇದು: "ಅಜ್ಜಿ ಮಲಗಿದ್ದಾರೆ ಪುಟ್ಟಾ. ತುಂಬಾ ಸುಸ್ತಾಗಿತ್ತಲ್ಲ, ಮಲಗಿಬಿಟ್ಟಿದ್ದಾರೆ. ಇನ್ನು ಏಳಲ್ಲ."

ಚೋಟಿ ಅಮ್ಮನ ಮುಖ ನೋಡಿ, "ಹೂಂ," ಎಂದಿದ್ದಳು.

ಆ ಹೂಂ ಎಂಥದು ಎಂದು ಮಗಳಿಗೆ ಕೇಳಿಸಿತ್ತು. ಕೇಳಿಸದವಳ ಹಾಗೆ ಫೋನು ಕೈಗೆತ್ತಿಕೊಂಡಿದ್ದಳು.

ಅಡುಗೆಮನೆಯಲ್ಲಿ ದೊಡ್ಡಮ್ಮ ಟೀ ಲೋಟಗಳನ್ನು ತೊಳೆದು ಬೋರಲು ಹಾಕುತ್ತಿದ್ದರು. ತೀರಿಹೋದವರ ಒಡಹುಟ್ಟಿದ ಅಕ್ಕ, ಚೋಟಿಗೆ ದೊಡ್ಡಜ್ಜಿ. ಅತ್ತು ಅತ್ತು ಗಂಟಲು ಕಟ್ಟಿದ್ದರೂ ನಾಲಿಗೆ ಮಾತ್ರ ಚುರುಕಾಗಿಯೇ ಇತ್ತು.

"ಆ ಮಗೂನ ಪಕ್ಕದ ಮನೆಗೆ ಕಳಿಸು ಅಂತ ಬಡ್ಕೊಂಡೆ. ಈ ಮನೇಲಿ ನನ್ನ ಮಾತು ಯಾವತ್ತು ಯಾರು ಕೇಳಿದ್ದಾರೆ?"

"ಕಳಿಸಿದ್ದೆ ದೊಡ್ಡಮ್ಮ. ಚಪ್ಪಲಿ ಅಲ್ಲೇ ಬಿಟ್ಟು ಓಡಿಬಂದಳು."

"ಮಧ್ಯಾಹ್ನಕ್ಕೆ ಗಾಡಿ ಬರುತ್ತೆ. ಆಗ ಇವಳು ಇಲ್ಲಿ ಹೀಗೇ ನಿಂತಿದ್ರೆ ಎತ್ತೋರ ಕೈ ಏಳುತ್ತಾ?"

ಚೋಟಿ ಅಮ್ಮನ ಭುಜದಿಂದ ತಲೆ ಎತ್ತಿದಳು. "ಅಮ್ಮಾ, ಅಜ್ಜೀನ ಸುಡ್ತಾರಂತೆ. ಮೇಲ್ಮನೆ ಅಕ್ಕ ಹೇಳಿದ್ಲು."

ನಲ್ಲಿಯ ನೀರು ಸುರಿಯುತ್ತಲೇ ಇತ್ತು.

"ಮಲಗಿರೋವಾಗ ಸುಟ್ಟರೆ ಅಜ್ಜಿಗೆ ಉರಿಯಲ್ವಾ? ಅದಕ್ಕೇ ಬೇಗ ಎಬ್ಬಿಸ್ಬೇಕು. ಗಾಡಿ ಬರೋಕೆ ಮುಂಚೆ ಎಬ್ಬಿಸ್ಬೇಕು. ನೀನೂ ಬಾ, ಇಬ್ರೂ ಸೇರಿ ಊದೋಣ."

ದೊಡ್ಡಮ್ಮನ ಕೈಯಲ್ಲಿದ್ದ ಲೋಟ ತೊಟ್ಟಿಯೊಳಗೆ ಬಿತ್ತು.

ಫ್ರಿಜ್ಜಿನ ಪಕ್ಕದಲ್ಲಿ, ಯಾರಿಗೂ ಅಡ್ಡಬಾರದಂತೆ ಮೈ ಹಿಡಿಮಾಡಿಕೊಂಡು ಒಬ್ಬ ಹುಡುಗಿ ನಿಂತಿದ್ದಳು. ಶಿಕ್ಷಣ ವಿಭಾಗದ ಸಂಶೋಧನಾ ವಿದ್ಯಾರ್ಥಿನಿ. ವಾರಕ್ಕೊಮ್ಮೆ ಈ ಮನೆಗೆ ಬಂದು, ಇದೇ ಅಡುಗೆಮನೆಯಲ್ಲಿ ಕೂತು, ತನ್ನ ಪ್ರಬಂಧವನ್ನು, ತಾನು ಟೀಚರ್ ಎಂದು ಕರೆಯುತ್ತಿದ್ದ ಅಜ್ಜಿಗೆ ಓದಿ ಹೇಳಿ ಬೈಸಿಕೊಂಡು ಹೋಗುತ್ತಿದ್ದಳು. ಬೆಳಗಿನಿಂದ ಅವಳಿಗೆ ಯಾರೂ ಏನೂ ಕೆಲಸ ಕೊಟ್ಟಿರಲಿಲ್ಲ.

"ಅಕ್ಕಾ," ಎಂದಳು. "ಟೀಚರ್ ಯಾವಾಗಲೂ ಹೇಳ್ತಿದ್ರು, ಮಕ್ಕಳ ಹತ್ರ ಸುಳ್ಳು—"

"ಗೊತ್ತು ಕಣೇ," ಮಗಳ ದನಿ ಒಡೆಯಿತು. "ಅವರು ಏನು ಹೇಳ್ತಿದ್ರು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಊಟದ ಜೊತೆ ಅದನ್ನೇ ತಿಂದು ಬೆಳೆದಿದೀನಿ ನಾನು. ಆದ್ರೂ ಬಾಯಿಂದ ಮಲಗಿದ್ದಾರೆ ಅಂತಲೇ ಬಂತು ನೋಡು."

*

ಎಷ್ಟೋ ವರ್ಷಗಳ ಹಿಂದೆ, ಶಿಕ್ಷಣ ವಿಭಾಗದ ಮೂರನೆಯ ಮಹಡಿಯಲ್ಲಿ, ಕಿಟಕಿ ಸರಿಯಾಗಿ ಮುಚ್ಚದ ಕೋಣೆಯೊಂದರಲ್ಲಿ, ನಲವತ್ತು ದಾಟಿದ ಹೆಂಗಸೊಬ್ಬಳು ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಶಿಶುವಿಹಾರದಲ್ಲಿ ಟೀಚರು, ಮುಂದೆ ಚೋಟಿಗೆ ಅಜ್ಜಿಯಾಗುವವಳು. ಚೀಲದ ತುಂಬ ಕ್ಯಾಸೆಟ್ಟುಗಳು. ಮೇಜಿನಾಚೆ ಅವಳ ಪಿಎಚ್.ಡಿ. ಗೈಡು.

"ಕತೆ ಹೇಳೋದರ ಬಗ್ಗೆ ಸಂಶೋಧನೆ ಮಾಡ್ತೀನಿ ಅಂದ್ರಿ, ಒಪ್ಕೊಂಡೆ," ಎಂದರು ಅವರು. "ಮಕ್ಕಳ ಬೆಳವಣಿಗೆಗೂ ಕತೆಗೂ ಏನು ಸಂಬಂಧ, ಒಳ್ಳೇ ವಿಷಯ. ಈಗ ನೋಡಿದ್ರೆ ಕತೆ ಬಿಟ್ಟು ಬರೀ ಹೂಂ ಬಗ್ಗೆ ಅಂತೀರಲ್ಲಮ್ಮ! ನಾಳೆ ಸಮಿತಿಯವರು ನನ್ನನ್ನ ಏನು ಕೇಳ್ತಾರೆ?"

"ಏನು ಕೇಳಿದ್ರೂ ನೀವು ಹೂಂ ಅನ್ನಿ ಸರ್."

ಗೈಡಿಗೆ ನಗು ಬರಲಿಲ್ಲ.

ಆ ವಿಭಾಗದ ಕಪಾಟಿನಲ್ಲಿ ಕತೆ ಹೇಳುವವರ ಮೇಲೆ ಸಾಲುಸಾಲು ಪ್ರಬಂಧಗಳಿದ್ದವು. ಕತೆಗಳನ್ನು ಧ್ವನಿಮುದ್ರಿಸಿ ಬರೆದುಕೊಂಡವರೆಲ್ಲ, ನಡುನಡುವೆ ಮಕ್ಕಳು ಅಂದ ಹೂಂಗಳನ್ನು ಅಕ್ಕಿಯಿಂದ ಕಲ್ಲು ಆರಿಸುವ ಹಾಗೆ ಆರಿಸಿ ಎಸೆದಿದ್ದರು. ಟೀಚರಮ್ಮನಿಗೆ ಬೇಕಾಗಿದ್ದುದು ಆ ಕಲ್ಲುಗಳು.

ಅವಳು ಕ್ಯಾಸೆಟ್ಟೊಂದನ್ನು ಹಾಕಿದಳು. ಅವಳದೇ ದನಿ: ಒಂದು ಮುದಿ ಆಮೆ, ಅದರ ಬೆನ್ನ ಮೇಲೆ ಕೂತು ದಿನಾ ಕೊಳಕ್ಕೆ ಹೋಗುವ ಒಂದು ಬಸವನಹುಳು. ಪ್ರತಿ ಮಾತಿನ ಕೊನೆಗೂ ಒಬ್ಬ ಪುಟ್ಟ ಹುಡುಗನ ಹೂಂ. ಒಂದು ಗಬಕ್ಕನೆ ಬರುವ ಹೂಂ, ಒಂದು ಏರುವ ಹೂಂ, ಮಾತು ಮುಗಿಯುವ ಮೊದಲೇ ಅವಸರದಲ್ಲಿ ಬಂದ ಇನ್ನೊಂದು. ಕತೆಯ ಕೊನೆಯಲ್ಲಿ ಆಮೆ ಸಾಯಬೇಕಿತ್ತು. ಅಲ್ಲಿ ಟೀಚರಮ್ಮನ ದನಿ ಒಂದು ಕ್ಷಣ ತಡೆಯಿತು. "ಆಮೇಲೆ ಆಮೆ... ದೂರದ ಊರಿಗೆ ಹೋಯ್ತು," ಎಂದಿತು. ಟೇಪಿನ ಸರಸರ ಸದ್ದು. ಆಮೇಲೆ ಹುಡುಗನ "ಹೂಂ."

"ಕೇಳಿಸ್ತಾ ಸರ್?"

"ಏನು ಕೇಳಿಸ್ಬೇಕು? ಅದೂ ಹೂಂ, ಇದೂ ಹೂಂ."

"ಅಲ್ಲ ಸರ್. ಮುಂಚಿನವೆಲ್ಲ ಕತೆಗೆ ಅಂದ ಹೂಂ. ಇದು ನನಗೆ ಅಂದದ್ದು."

"ಅಂದ್ರೆ?"

"ಅವನ ಮುಖ ನೋಡಿ ಪಾಪ ಅನ್ನಿಸ್ತು, ಕತೆ ತಿರುಗಿಸಿಬಿಟ್ಟೆ. ನಾನು ತಿರುಗಿಸಿದ್ದು ಅವನಿಗೆ ಗೊತ್ತಾಯ್ತು. ಟೀಚರ್‌ಗೆ ಬೇಜಾರಾಗ್ಬಾರದು ಅಂತ ಹೂಂ ಅಂದ. ನಾಲ್ಕು ವರ್ಷದ ಮಗು ಸರ್! ನಾನು ಅವನನ್ನ ಕಾಪಾಡ್ತಿದೀನಿ ಅಂದ್ಕೊಂಡೆ. ಅವನು ನನ್ನನ್ನ ಕಾಪಾಡ್ತಿದ್ದ."

ಗೈಡು ಟೇಪನ್ನು ಹಿಂದಕ್ಕೆ ಓಡಿಸಿ ಮತ್ತೆ ಕೇಳಿದರು. ಕನ್ನಡಕ ತೆಗೆದಿಟ್ಟು ಮತ್ತೊಮ್ಮೆ ಕೇಳಿದರು. ಹೊರಗೆ ಯಾರೋ ಬಾಗಿಲು ತಟ್ಟಿದರು.

"ಆಮೇಲೆ ಬನ್ನಿ!" ಎಂದು ಕೂಗಿ, ಕುರ್ಚಿಯನ್ನು ಟೇಪಿನ ಹತ್ತಿರಕ್ಕೆ ಎಳೆದುಕೊಂಡರು. "ಬೇರೆ ಮಕ್ಕಳದೂ ಹೀಗೇ ಬರುತ್ತಾ? ಹಾಕಿ ನೋಡೋಣ."

ಆ ಕೆಲಸಕ್ಕೆ ಹಿಡಿದ ವರ್ಷಗಳಲ್ಲಿ ಮನೆಯವರಿಗೆ ನೆಮ್ಮದಿಯಾಗಿ ಹೂಂ ಅನ್ನುವುದೂ ಕಷ್ಟವಾಯಿತು. ಗಂಡ ಪೇಪರ್ ಓದುತ್ತಾ ಹೂಂ ಎಂದರೆ, "ಇದು ಕಿವಿ ಬೇರೆ ಕಡೆ ಇಟ್ಟು ಬಾಯಲ್ಲಿ ಮಾತ್ರ ಅಂದದ್ದು," ಎಂದು ಒಳಗಿನಿಂದ ದನಿ ಬರುತ್ತಿತ್ತು. "ಗಂಡಂದಿರ ಹೂಂನೆಲ್ಲ ಪ್ರಬಂಧಕ್ಕೆ ಸೇರಿಸ್ಬೇಡ ಮಾರಾಯ್ತಿ, ಒಂದು ಪುಸ್ತಕದಲ್ಲಿ ಮುಗಿಯಲ್ಲ," ಎಂದು ಆತ ಕೈಮುಗಿಯುತ್ತಿದ್ದ. ಹೈಸ್ಕೂಲಿನಲ್ಲಿದ್ದ ಮಗಳಂತೂ ಸಿಟ್ಟಿನಿಂದ ಹೂಂ ಅನ್ನುವುದನ್ನೇ ಬಿಟ್ಟು ತಲೆ ಆಡಿಸತೊಡಗಿದಳು.

ಪದವಿ ಬಂದಾಗ ಗಂಡ ಗೇಟಿಗೆ ಡಾಕ್ಟರ್ ಎಂದು ಬೋರ್ಡು ಹಾಕಿಸಿದ. ವಾರದೊಳಗೆ ಮೂಲೆಮನೆಯ ಹಿರಿಯರು ಮಂಡಿನೋವಿಗೆ ಮಾತ್ರೆ ಕೇಳಿಕೊಂಡು ಬಂದರು. ಟೀಚರಮ್ಮ ಅವರನ್ನು ಕೂರಿಸಿ, ಮಂಡಿ ಹೇಗೆ ನೋವಾಯಿತೆಂಬ ಕತೆಯನ್ನು ಅರ್ಧ ಗಂಟೆ ಹೂಂಗುಟ್ಟುತ್ತಾ ಕೇಳಿದಳು. ಹಿರಿಯರು ಎದ್ದು, "ಈಗ ಎಷ್ಟೋ ವಾಸಿ ಡಾಕ್ಟ್ರೇ," ಎಂದು ಹೋದರು. ಮರುದಿನ ಬೋರ್ಡು ಕೆಳಗಿಳಿಯಿತು. ಅವಳು ಎಂದಿನಂತೆ ಶಿಶುವಿಹಾರಕ್ಕೆ ಹೋದಳು. ಅದೇ ಕೋಣೆ, ಅದೇ ಮೊಣಕಾಲೆತ್ತರದ ಕುರ್ಚಿಗಳು, ಮೇಣದ ಬಣ್ಣ ಮತ್ತು ಒದ್ದೆ ಕಾಲುಚೀಲದ ಅದೇ ವಾಸನೆ. ನಿವೃತ್ತಳಾಗುವ ತನಕ ಅಲ್ಲೇ ಇದ್ದಳು.

*

ನಡುಮನೆಯಲ್ಲಿ ಆ ಗೈಡು ಈಗ ಕೋಲನ್ನು ಕಾಲ ನಡುವೆ ನಿಲ್ಲಿಸಿಕೊಂಡು ಕೂತಿದ್ದರು. ಶಿಷ್ಯೆಗಿಂತ ಹತ್ತಾರು ವರ್ಷ ದೊಡ್ಡವರು. ತಮಗಿಂತ ಮೊದಲು ಅವಳು ಹೊರಟಳಲ್ಲ ಎಂಬ ಒಂದು ಬಗೆಯ ಮುನಿಸು ಮುಖದ ಮೇಲಿತ್ತು. ದೊಡ್ಡಮ್ಮ ಅವರಿಗೆ ಟೀ ತಂದುಕೊಟ್ಟು, ಹಿಂದೆಯೇ ಬಂದ ವಿದ್ಯಾರ್ಥಿನಿಯನ್ನು ತೋರಿಸಿ ಕೇಳಿದರು.

"ಇವಳೂ ಹೂಂ ಮೇಲೇ ಓದ್ತಿರೋದಾ ಸರ್?"

"ಇಲ್ಲಮ್ಮ, ನಂದು 'ಆಮೇಲೆ?' ಮೇಲೆ," ಎಂದಳು ಹುಡುಗಿ ಮೆಲ್ಲಗೆ. "ಮಕ್ಕಳು ಕತೆ ನಡುವೆ 'ಆಮೇಲೆ' ಅಂತ ಯಾವಾಗ ಕೇಳ್ತಾರೆ, ಯಾಕೆ ಕೇಳ್ತಾರೆ..."

"ಸರಿಹೋಯ್ತು. ಇನ್ನೊಬ್ಬಳು ಬಂದು 'ಅಯ್ಯೋ' ಮೇಲೆ ಓದಿದ್ರೆ ಮುಗೀತು. ಅವಳನ್ನ ನನ್ನ ಹತ್ರ ಕಳಿಸಿ, ಬೇಕಾದಷ್ಟು ಕೊಡ್ತೀನಿ."

ಗೋಡೆಗುಂಟ ಸಣ್ಣ ನಗು ಹರಿಯಿತು. ಗೈಡಿಗೂ ಏನೋ ನೆನಪಾಯಿತು. "ಇವಳ ಮೌಖಿಕ ಪರೀಕ್ಷೆ ದಿನ," ಎಂದರು ಅಜ್ಜಿಯ ಮಂಚದ ಕಡೆ ನೋಡುತ್ತಾ, "ಹೊರಗಿನಿಂದ ಒಬ್ಬರು ಪರೀಕ್ಷಕರು ಬಂದಿದ್ರು. ಭಾರೀ ಬಿಗಿ ಮನುಷ್ಯ. 'ಹೂಂ ಅನ್ನೋದಕ್ಕೆ ಅರ್ಥವೇ ಇಲ್ಲ, ಅದು ಬರೀ ಅಭ್ಯಾಸ' ಅಂತ ವಾದ ಅವರದು. ಇವಳು ವಾದ ಮಾಡ್ಲಿಲ್ಲ. 'ಸರ್, ಒಂದು ಉದಾಹರಣೆ ಕೊಡ್ಲಾ' ಅಂತ ಆ ಆಮೆ ಕತೆ ಶುರುಮಾಡಿದ್ಲು. ಆಮೆ ಬೆನ್ನ ಮೇಲೆ ಬಸವನಹುಳು ಹತ್ತಿತು ಅನ್ನೋ ಹೊತ್ತಿಗೆ ಪರೀಕ್ಷಕರು ಹೂಂ ಅಂದ್ರು. ಕೊಳ ಕಾಣಿಸ್ತು, ಹೂಂ. ನಾವೆಲ್ಲ ಉಸಿರು ಬಿಗಿಹಿಡ್ಕೊಂಡು ಕೂತಿದೀವಿ. ಆ ಮನುಷ್ಯನಿಗೆ ಗೊತ್ತೇ ಇಲ್ಲ! ಕೊನೆಗೆ ಇವಳು ಕತೆ ಅರ್ಧಕ್ಕೆ ನಿಲ್ಲಿಸಿ, 'ಅಷ್ಟೇ ಸರ್ ನನ್ನ ವಾದ' ಅಂದ್ಲು. ಅವರು, 'ಅದಿರಲಿ, ಆಮೆ ಏನಾಯ್ತು?' ಅಂದ್ರು."

ಈ ಸಲ ನಗು ಜೋರಾಗಿಯೇ ಬಂತು. ಸತ್ತವರ ಮುಂದೆ ನಕ್ಕೆವಲ್ಲ ಎಂದು ಒಬ್ಬಿಬ್ಬರು ಬಾಯಿಗೆ ಕೈ ಅಡ್ಡ ಹಿಡಿದರು.

ಚೋಟಿ ಯಾವಾಗ ಬಂದು ನಿಂತಿದ್ದಳೋ. ಗೈಡಿನ ಕೋಲನ್ನು ಹಿಡಿದುಕೊಂಡು ಅವರ ಮುಖ ನೋಡಿದಳು.

"ಅಜ್ಜಿಗೆ ನೀವು ಟೀಚರಾ?"

"ಹೌದು ಮಗೂ. ಆಗಿದ್ದೆ."

"ಹಂಗಾದ್ರೆ ನೀವು ಹೇಳಿದ್ರೆ ಏಳ್ತಾರೆ. ಎಬ್ಬಿಸಿ."

ಸಾವಿರ ಜನ ವಿದ್ಯಾರ್ಥಿಗಳ ಪ್ರಶ್ನೆಗೆ ಉತ್ತರ ಕೊಟ್ಟಿದ್ದ ಮುದುಕ ಅತ್ತಿತ್ತ ನೋಡಿದರು. "ನಿಮ್ಮಮ್ಮನ್ನ ಕೇಳು ಪುಟ್ಟಾ," ಎಂದರು.

ಅಷ್ಟರಲ್ಲಿ ಬೀದಿಯಲ್ಲಿ ಗಾಡಿ ಹಿಂದಕ್ಕೆ ಬರುವ ಸದ್ದಾಯಿತು, ಕೀಂ ಕೀಂ ಎಂದು. ಮನೆಯ ಅಳಿಯ, ಚೋಟಿಯ ಅಪ್ಪ, ಫೋನಿನಲ್ಲಿ ಮಾತಾಡುತ್ತಲೇ ಹೊರಗೋಡಿ, "ಬಲಕ್ಕೆ, ಇನ್ನೂ ಬಲಕ್ಕೆ" ಎಂದು ದಾರಿ ತೋರಿಸಿದ. ಕುರ್ಚಿಗಳು ಸರಿದವು. ಮೀಸೆ ಹೊತ್ತ ಡ್ರೈವರು ಬಾಗಿಲಲ್ಲಿ ನಿಂತು, "ಹೊರಡೋಣ್ವಾ ಸರ್, ಅಲ್ಲಿ ಸಮಯ ಕೊಟ್ಟಿದ್ದಾರೆ," ಎಂದ.

ಚೋಟಿ ಓಡಿಹೋಗಿ ಅಜ್ಜಿಯ ಮಂಚದ ಕಾಲನ್ನು ತಬ್ಬಿಕೊಂಡಳು. "ಎಲ್ಲಿಗೆ ಕರ್ಕೊಂಡು ಹೋಗ್ತಾರೆ?"

"ಆಸ್ಪತ್ರೆಗೆ ಕಂದಾ," ಎಂದರು ದೊಡ್ಡಮ್ಮ ಬಗ್ಗಿ. "ಡಾಕ್ಟ್ರು ನೋಡಿ, ಔಷಧಿ ಕೊಟ್ಟು ಕಳಿಸ್ತಾರೆ. ಕೈ ಬಿಡು, ಜಾಣೆ."

ಚೋಟಿ ದೊಡ್ಡಜ್ಜಿಯ ಮುಖವನ್ನು ನೋಡಿದಳು. ಊದಿದ ಕಣ್ಣು, ನಡುಗುವ ತುಟಿ.

"ಹೂಂ," ಎಂದಳು.

ಚಪ್ಪಟೆಯಾದ, ನೀರು ಹಿಂಡಿದ ಬಟ್ಟೆಯಂಥ ಹೂಂ.

ಮಗಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಗಾಜು ಬದಲಾಯಿಸುತ್ತಾ "ಈಗ? ಈಗ ಸ್ಪಷ್ಟ ಆಯ್ತಾ?" ಎಂದು ಕೇಳುವುದೇ ಅವಳ ದಿನದ ಕೆಲಸ. ಪಾಪ, ಇಷ್ಟು ಹೊತ್ತು ನಿಂತಿದ್ದಾಳೆ ಎಂದು ಕನಿಕರಪಟ್ಟು, ಕಾಣದಿದ್ದರೂ "ಕಾಣುತ್ತೆ" ಅನ್ನುವ ಗಿರಾಕಿಗಳಿದ್ದರು. ಆ ದನಿ ಬಂದರೆ ಅವಳು ಮಾತಿಲ್ಲದೆ ಗಾಜು ತೆಗೆದು ಮೊದಲಿನಿಂದ ಶುರುಮಾಡುತ್ತಿದ್ದಳು. ಯಾರಿಂದ ಕಲಿತದ್ದೆಂದು ಯಾವತ್ತೂ ಯೋಚಿಸಿರಲಿಲ್ಲ.

"ಸ್ವಲ್ಪ ತಾಳಿ," ಎಂದಳು ಡ್ರೈವರಿಗೆ.

"ಮೇಡಂ, ತಡ ಆದ್ರೆ—"

"ತಾಳೋಕೆ ಹೇಳಿದ್ರಲ್ಲ!" ಎಂದು ವಿದ್ಯಾರ್ಥಿನಿ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತುಬಿಟ್ಟಳು. ಬೆಳಗಿನಿಂದ ದನಿ ಎತ್ತದಿದ್ದ ಹುಡುಗಿಯ ಕೂಗಿಗೆ ಡ್ರೈವರು ಒಂದು ಮೆಟ್ಟಿಲು ಕೆಳಗಿಳಿದ. ಆಮೇಲೆ ಅವಳು ಮಗಳ ಕಡೆ ತಿರುಗಿ, "ಅಕ್ಕಾ, ನಾನು ಹೇಳ್ಲಾ?" ಎಂದಳು.

"ಬೇಡ. ಹಾಳು ಮಾಡಿದ್ದು ನಾನು. ನಾನೇ ಹೇಳ್ತೀನಿ."

ಅವಳು ಚೋಟಿಯನ್ನು ಎತ್ತಿಕೊಳ್ಳಲಿಲ್ಲ. ಮಂಚದ ಪಕ್ಕ ನೆಲದ ಮೇಲೆ ಕೂತು, ಎದುರಿಗೆ ಕೂರಿಸಿಕೊಂಡಳು.

"ಒಂದು ಕತೆ ಹೇಳ್ಲಾ?"

"ಈಗಲಾ?"

"ಈಗಲೇ."

"ಉದ್ದದ್ದಾ, ಗಿಡ್ಡದ್ದಾ?"

"ಗೊತ್ತಿಲ್ಲ. ಹೇಳ್ತಾ ಹೇಳ್ತಾ ನೋಡೋಣ." ಅಮ್ಮನ ಹಾಗೆ ಕತೆ ಹೇಳಲು ಮಗಳಿಗೆ ಬರುತ್ತಿರಲಿಲ್ಲ. "ಒಂದು ಮನೇಲಿ ಒಬ್ರು ಅಜ್ಜಿ ಇದ್ರು."

"ಹೂಂ."

"ಅವರ ಹತ್ರ ರಾಶಿ ಕತೆ ಇದ್ವು. ಕಪಾಟಲ್ಲಲ್ಲ, ಹೊಟ್ಟೇಲಿ."

"ಹೂಂ."

"ಅವರಿಗೆ ಒಬ್ಬಳು ಮೊಮ್ಮಗಳು. ದಿನಾ ಕಿವೀಲಿ ಊದಿ ಎಬ್ಬಿಸ್ತಿದ್ಲು."

"ಹೂಂ! ಅದು ನಾನು."

"ಒಂದಿನ ಬೆಳಿಗ್ಗೆ ಅಜ್ಜಿ ಏಳಲಿಲ್ಲ. ಅಜ್ಜಿ ಮಗಳು ಬಂದು ನೋಡಿದಳು. ಅವಳಿಗೆ ತುಂಬಾ ಹೆದರಿಕೆ ಆಯ್ತು. ಮೊಮ್ಮಗಳು ಬಂದು ಕೇಳಿದಾಗ, ಮಲಗಿದ್ದಾರೆ ಅಂದುಬಿಟ್ಲು."

ಚೋಟಿ ಹೂಂ ಅನ್ನಲಿಲ್ಲ.

"ಅದು ನಿಜ ಅಲ್ಲ. ಅಜ್ಜಿ ಮಲಗಿರಲಿಲ್ಲ. ಅಜ್ಜಿ ಸತ್ತುಹೋಗಿದ್ರು."

"ಏನೇ ಇದು, ಎಳೇ ಮಗೂಗೆ..." ಎಂದು ದೊಡ್ಡಮ್ಮ ಮುಂದೆ ಬಂದರು. ಗೈಡು ಕೋಲನ್ನು ಅಡ್ಡ ಹಿಡಿದು ಅವರನ್ನು ತಡೆದರು.

"ಸತ್ತುಹೋಗೋದು ಅಂದ್ರೆ?"

"ಉಸಿರು ನಿಂತುಹೋಗುತ್ತೆ. ಎದೆಯೊಳಗೆ ಡಬಡಬ ಅನ್ನುತ್ತಲ್ಲ, ಅದೂ ನಿಂತುಹೋಗುತ್ತೆ. ಕೈಯಿಟ್ಟು ನೋಡು."

ಚೋಟಿ ಎದ್ದು ಅಜ್ಜಿಯ ಎದೆಯ ಮೇಲೆ ಅಂಗೈಯಿಟ್ಟಳು. ತಲೆ ಓರೆ ಮಾಡಿ ಕಾದಳು. ಆಮೇಲೆ ತನ್ನ ಎದೆ ಮುಟ್ಟಿಕೊಂಡಳು. ಆಮೇಲೆ ಅಮ್ಮನದು.

"ನಂದು ಹೊಡ್ಕೊಳ್ತಿದೆ."

"ಹೂಂ," ಎಂದಳು ಅಮ್ಮ.

"ನಿಂದು ಇನ್ನೂ ಜೋರಾಗಿ."

"ಹೂಂ."

"ಅಜ್ಜಿದು ಇಲ್ಲ."

"ಇಲ್ಲ."

ಗೋಡೆಗುಂಟ ಯಾರೋ ಮೂಗು ಸೀಟಿದರು. ಚೋಟಿ ಅತ್ತ ನೋಡಲಿಲ್ಲ.

"ಬೆಂಕಿ ಉರಿಯುತ್ತಾ ಅವರಿಗೆ?"

"ಉರಿಯಲ್ಲ. ಸತ್ತುಹೋದ ಮೇಲೆ ಏನೂ ಗೊತ್ತಾಗಲ್ಲ ಪುಟ್ಟಾ. ನೋವಿಲ್ಲ, ಬಿಸಿಯಿಲ್ಲ, ಚಳಿಯಿಲ್ಲ."

"ನಾನು ಊದಿದ್ದು?"

ಊದಿದ್ದು ಗೊತ್ತಾಯಿತು, ಅಜ್ಜಿಗೆ ಖುಷಿಯಾಯಿತು ಎಂಬ ಮಾತು ಮಗಳ ನಾಲಿಗೆಯ ತುದಿಗೆ ಬಂದಿತ್ತು. ಎಷ್ಟು ಸುಲಭದ ಮಾತು. ಅದನ್ನು ಹಿಂದಕ್ಕೆ ನೂಕಲು ಅವಳು ಮಂಚದ ಅಂಚನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕಾಯಿತು.

"ಅದೂ ಗೊತ್ತಾಗಲಿಲ್ಲ. ಮುಂಚೆ ಊದಿದ್ದೆಲ್ಲ ಗೊತ್ತಾಗಿತ್ತು. ಇವತ್ತಿಂದು ಇಲ್ಲ."

"ಮಲಗಿದವರೂ ಸತ್ತುಹೋಗ್ತಾರಾ?"

"ಮಲಗೋದು ಬೇರೆ, ಸಾಯೋದು ಬೇರೆ. ಮಲಗೋದು ಎದ್ದು ಆಟ ಆಡೋಕೆ. ಅಮ್ಮ ಎರಡನ್ನೂ ಸೇರಿಸಿ ಕಲಸಿಬಿಟ್ಟೆ. ನನ್ನ ತಪ್ಪು."

"ನೀನು ಸಾಯ್ತೀಯಾ?"

ಬಾಗಿಲಲ್ಲಿ ವಿದ್ಯಾರ್ಥಿನಿ ಕಣ್ಣು ಮುಚ್ಚಿಕೊಂಡಳು.

"ಎಲ್ಲರೂ ಒಂದಿನ ಸಾಯ್ತಾರೆ. ನಾನು ಅಜ್ಜಿ ಥರ ಮುದುಕಿ ಆಗಿ, ನಿನ್ನ ಹತ್ರ ಬೈಸ್ಕೊಳ್ಳೋವರೆಗೂ ಇರ್ಬೇಕು ಅಂದ್ಕೊಂಡಿದೀನಿ."

ಚೋಟಿ ಅಮ್ಮನ ಮುಖವನ್ನು ಹತ್ತಿರದಿಂದ ನೋಡಿದಳು. ಒಂದು ಕಣ್ಣು, ಆಮೇಲೆ ಇನ್ನೊಂದು ಕಣ್ಣು. ಬೀದಿಯಲ್ಲಿ ಗಾಡಿಯ ಇಂಜಿನ್ನು ಆರಿಸಿದ ಸದ್ದಾಯಿತು.

"ಹೂಂ," ಎಂದಳು. ತಡವಾಗಿ ಬಂತು. ಆದರೆ ಕೆಳಗಿನಿಂದ, ಹೊಟ್ಟೆಯಿಂದ ಬಂತು. ಅದರ ಹಿಂದೆಯೇ ಅಳು ಬಂತು, ನಿನ್ನೆಯಿಂದ ತಡೆದಿಟ್ಟದ್ದೆಲ್ಲ. ಮಗಳು ಅವಳನ್ನು ತಬ್ಬಿಕೊಂಡಳು. ಸುಮ್ಮನಿರು ಅನ್ನಲಿಲ್ಲ. ಯಾರೂ ಅನ್ನಲಿಲ್ಲ.

ಅಳು ಬಿಕ್ಕಾಗಿ, ಬಿಕ್ಕು ಉಸಿರಾಗಿ, ಆಮೇಲೆ ಅಮ್ಮನ ಕತ್ತಿನ ಬಳಿಯಿಂದ ದನಿ ಬಂತು.

"ಆಮೇಲೆ?"

ವಿದ್ಯಾರ್ಥಿನಿ ಕಣ್ಣು ತೆರೆದಳು.

"ಆಮೇಲಿಂದು ನನಗೂ ಗೊತ್ತಿಲ್ಲ ಪುಟ್ಟಾ," ಎಂದಳು ಮಗಳು. "ನೀನೇ ಹೇಳು."

ಚೋಟಿ ಅಂಗೈಯಿಂದ ಮೂಗು ಒರೆಸಿಕೊಂಡಳು. ಸುತ್ತ ನಿಂತವರನ್ನು ನೋಡಿದಳು. "ಆಮೇಲೆ ಒಂದು ಉದ್ದನೆ ಗಾಡಿ ಬಂತು."

"ಹೂಂ."

"ಅದರ ಡ್ರೈವರ್ ಅಂಕಲ್‌ಗೆ ಇಷ್ಟುದ್ದ ಮೀಸೆ."

"ಹೂಂ," ಎಂದ ಡ್ರೈವರು, ಮೆಟ್ಟಿಲ ಮೇಲಿಂದ, ತನಗೇ ಗೊತ್ತಿಲ್ಲದೆ. ಅಂದಮೇಲೆ ನಾಚಿಕೊಂಡು ಮೀಸೆ ಮುಟ್ಟಿಕೊಂಡ.

"ಅವರಿಗೆ ಅರ್ಜೆಂಟಿತ್ತು. ಆದ್ರೂ ಕಾಯ್ತಿದ್ರು."

"ಹೂಂ," ಎಂದರು ಗೈಡು.

"ದೊಡ್ಡಜ್ಜಿ ಆಸ್ಪತ್ರೆ ಅಂದ್ರು. ಅದು ಸುಳ್ಳು."

ದೊಡ್ಡಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಸೆರಗಿನೊಳಗಿಂದಲೇ "ಹೂಂ ಕಣೇ," ಎಂದರು.

"ಆಮೇಲೆ ಎಲ್ಲರೂ ಬಂದು ಅಜ್ಜೀನ ಮೆಲ್ಲಗೆ ಎತ್ತಿದ್ರು." ಯಾರೂ ಕದಲಲಿಲ್ಲ. ಚೋಟಿ ಅಪ್ಪನ ಕಡೆ ತಿರುಗಿ, "ಅಪ್ಪಾ, ಎತ್ತಿದ್ರು ಅಂದೆ," ಎಂದಳು.

ಎತ್ತಿದರು.

*

ಚಿತಾಗಾರದಿಂದ ಹಿಂದಿರುಗುವಾಗ ಬಾಡಿಗೆಯ ಮಿನಿಬಸ್ಸಿನಲ್ಲಿ ಹದಿನೈದಿಪ್ಪತ್ತು ಜನ. ಕೆಲಸ ಮುಗಿದ ಮೇಲಿನ ಆಯಾಸ ಎಲ್ಲರ ಹೆಗಲ ಮೇಲಿತ್ತು. ಆದರೂ ದೊಡ್ಡಮ್ಮ ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿ ಕೂತು ತಂಗಿಯ ಬಾಲ್ಯವನ್ನು ಹೇಳುತ್ತಿದ್ದರು. ಅವಳನ್ನು ಮಲಗಿಸಲೆಂದು ತಾನು ಕತೆ ಶುರುಮಾಡಿದರೆ ತನಗೇ ನಿದ್ದೆ ಬಂದುಬಿಡುತ್ತಿತ್ತಂತೆ, ಅವಳು ಕಣ್ಣರೆಪ್ಪೆ ಎ‌ತ್ತಿ ಹಿಡಿದು ಮುಂದೆ ಹೇಳಿಸುತ್ತಿದ್ದಳಂತೆ. ವಿದ್ಯಾರ್ಥಿನಿ ಪಕ್ಕದಲ್ಲಿ ಕೂತು ಗಲ್ಲಕ್ಕೆ ಕೈಯಿಟ್ಟು ಕೇಳುತ್ತಿದ್ದಳು.

"ಮಂಗಳವಾರ ಬಾರೇ," ಎಂದರು ಅವಳಿಗೆ ದೊಡ್ಡಮ್ಮ ನಡುವೆ. "ಮಂಗಳವಾರ ತಾನೆ ನೀನು ಬರ್ತಿದ್ದದ್ದು? ನನಗೆ ಓದಿ ಹೇಳು. ಅರ್ಥ ಆಗಲ್ಲ, ಆದ್ರೆ ಬೈಯೋಕೆ ನನಗೂ ಬರುತ್ತೆ."

ಹುಡುಗಿ ನಕ್ಕಳು, ಕಣ್ಣು ಒರೆಸಿಕೊಂಡಳು.

ಹಿಂದಿನ ಸೀಟಿನಲ್ಲಿ ಮಗಳಿಗೂ ಗೈಡಿಗೂ ನಡುವೆ ಚೋಟಿ ಕೂತಿದ್ದಳು. ಒಂದು ದೊಡ್ಡ ಆಕಳಿಕೆ ಬಂತು. ಬೆಚ್ಚಿ, ಕೈ ತೋಳಿನ ಮೇಲೆ ಹೋಯಿತು. ಚಿವುಟಲಿಲ್ಲ, ಸುಮ್ಮನೆ ಅಲ್ಲಿಟ್ಟಳು.

"ಬಸ್ ನಿಂತ ತಕ್ಷಣ ಎಬ್ಬಿಸ್ತೀಯಾ?"

"ತಕ್ಷಣ."

"ಮರೀಬೇಡ."

"ಮರೆಯಲ್ಲ."

ಇನ್ನೊಂದು ತಿರುವು ಬರುವಷ್ಟರಲ್ಲಿ ಅವಳ ತಲೆ ಗೈಡಿನ ತೋಳಿನ ಮೇಲೆ ಬಿದ್ದಿತ್ತು. ಬಾಯಿ ಅರ್ಧ ತೆರೆದಿತ್ತು. ಕಾಲು ಸಡಿಲಾಗಿ ಒಂದು ಚಪ್ಪಲಿ ಕೆಳಗೆ ಜಾರಿತು. ಅದನ್ನು ನೋಡಿದವರು ಪಕ್ಕದವರನ್ನು ತಿವಿದರು. ಒಬ್ಬರಿಂದೊಬ್ಬರಿಗೆ ಸನ್ನೆ ಹೋಗಿ ಬಸ್ಸಿನ ಮಾತು ಪಿಸುದನಿಗೆ ಇಳಿಯಿತು. ದೊಡ್ಡಮ್ಮ ತುಟಿಯ ಮೇಲೆ ಬೆರಳಿಟ್ಟುಕೊಂಡರು.

"ಮೆಲ್ಲಗೆ ಮಾತಾಡ್ಬೇಡಿ," ಎಂದಳು ಮಗಳು. "ಜೋರಾಗೇ ಹೇಳಿ ದೊಡ್ಡಮ್ಮ. ಮಲಗಿದ್ದಾಳೆ ಅಷ್ಟೇ. ಅವಳು ಏಳಲಿ, ಬಿಡಲಿ, ಹೇಳಿ."

ದೊಡ್ಡಮ್ಮ ಹೇಳಿದರು. ಬಸ್ಸು ಮತ್ತೆ ತುಂಬಿಕೊಂಡಿತು.

ದೊಡ್ಡ ರಸ್ತೆಯ ಸಿಗ್ನಲ್ ದಾಟಿದ ಮೇಲೆ ಬಸ್ಸಿನ ಡ್ರೈವರು ನಿಧಾನ ಮಾಡಿ, ಕನ್ನಡಿಯಲ್ಲಿ ನೋಡಿ ಕೂಗಿದ. "ಪ್ರೊಫೆಸರ್ ಸರ್, ನಿಮ್ಮ ಮನೆ ಇಲ್ಲೇ ಅಂದಿದ್ರಲ್ವಾ? ಇಳೀತೀರಾ?"

ಗೈಡು ಕಿಟಕಿಯಾಚೆ ತಮ್ಮ ಮನೆಯ ಗೇಟನ್ನು ನೋಡಿದರು. ತೋಳಿನ ಮೇಲೆ ಬಿಸಿ ಉಸಿರು, ಅಂಗಿಯ ತೋಳಿಗಿಳಿದ ಜೊಲ್ಲು. ಆ ಕೈಯನ್ನು ಒಂದಿಷ್ಟೂ ಅಲುಗಿಸದೆ, ಇನ್ನೊಂದು ಕೈಯನ್ನು ಮೇಲಕ್ಕೆತ್ತಿ ಮುಂದೆ, ಮುಂದೆ ಎಂದು ಬೀಸಿದರು. ಬಸ್ಸು ಅವರ ಮನೆಯನ್ನು ದಾಟಿ ಹೋಯಿತು.